ಮಲ್ಲರ ಆಹಾರವಿಚಾರ

ಅಜ್ಞಾತವಾಸದ ವರ್ಷವನ್ನು ವಿರಾಟನ ನಗರದಲ್ಲಿ ಕಳೆಯಬೇಕಾಗಿ ಬಂದಾಗ ಭೀಮಸೇನನು ತನಗೆಂದು ಆರಿಸಿಕೊಂಡ ಉದ್ಯೋಗವು ಬಾಣಸಿಗನದು. ಪಾಕಶಾಲೆಯಲ್ಲಿ ಸೌಟನ್ನು ಹಿಡಿದಿದ್ದ ಆ ಕೈಯೇ ಉತ್ಸವದ ದಿನ ಜೀಮೂತನೆಂಬ ಮಲ್ಲನನ್ನು ಎತ್ತಿ ತಿರುಗಿಸಿ ಕೆಡಹಿತು. ಕವಿಯು ಅಡಿಗೆಯ ಮನೆಯನ್ನೂ ಮಲ್ಲರಂಗವನ್ನೂ ಒಬ್ಬನೇ ಪುರುಷನಲ್ಲಿ ಕೂಡಿಸಿರುವುದು ಬರಿಯ ಕಥಾಚಮತ್ಕಾರವೆಂದು ನನಗೆ ತೋರುವುದಿಲ್ಲ. ದೇಹದಿಂದ ದುಡಿಯುವವನ ಬಲವು ಅವನ ಊಟದಲ್ಲಿ ಅಡಗಿದೆಯೆಂಬ ನಂಬಿಕೆಯು ನಮ್ಮಲ್ಲಿ ಅಷ್ಟು ಹಳೆಯದು. ಆದರೆ ಊಟದ ಯಾವ ಅಂಶದಲ್ಲಿ? ಅದು ದೇಹದೊಳಗೆ ಯಾವ ಕೆಲಸವನ್ನು ಮಾಡಿ ಬಲವಾಗುತ್ತದೆ? ಈ ಪ್ರಶ್ನೆಗೆ ಮನುಷ್ಯನು ಬಹುಕಾಲ ಒಂದೇ ಉತ್ತರವನ್ನು ಹೇಳುತ್ತ ಬಂದನು: ಮಾಂಸದಿಂದ ಮಾಂಸ, ಮಾಂಸದಿಂದಲೇ ಶಕ್ತಿ. ಈ ಉತ್ತರದ ಪೂರ್ವಾರ್ಧವು ಸತ್ಯಕ್ಕೆ ಸಮೀಪವಾದುದು, ಉತ್ತರಾರ್ಧವು ತಪ್ಪು. ಆ ತಪ್ಪು ಹೇಗೆ ಬೆಳೆಯಿತು, ಹೇಗೆ ಮುರಿಯಿತು ಎಂಬುದೇ ಈ ಲೇಖನದ ವಿಷಯ.

ಇದು ಹಳೆಯ ಓಲೆಗಳಲ್ಲಿಯೇ ಮುಗಿದುಹೋದ ವಾದವಲ್ಲ. ಇಂದು ನಮ್ಮ ಸಣ್ಣ ಪಟ್ಟಣಗಳಲ್ಲಿಯೂ ವ್ಯಾಯಾಮಶಾಲೆಗಳು ಎದ್ದಿವೆ. ಅಲ್ಲಿಗೆ ಹೋಗುವ ತರುಣರು ಅನ್ನವನ್ನೂ ಮುದ್ದೆಯನ್ನೂ ತಟ್ಟೆಯ ಅಂಚಿಗೆ ಸರಿಸಿ, ಡಬ್ಬಿಯಲ್ಲಿ ಬರುವ ಪ್ರೋಟೀನು ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿಯುತ್ತಾರೆ. ಮನೆಯ ಹಿರಿಯರು ಇದನ್ನು ಕಂಡು ಒಂದೋ ಗಾಬರಿಗೊಳ್ಳುತ್ತಾರೆ, ಇಲ್ಲವೆ ಮಗನು ಬಲಿಷ್ಠನಾದನೆಂದು ಹಿಗ್ಗುತ್ತಾರೆ. ಎರಡಕ್ಕೂ ಮೊದಲು ಹಿಂದಿನವರು ಏನು ಮಾಡಿದರೆಂಬುದನ್ನು ತಿಳಿಯುವುದು ಒಳ್ಳೆಯದು.

ನಮ್ಮ ವೈದ್ಯಶಾಸ್ತ್ರಕಾರರು ಈ ವಿಚಾರವನ್ನು ಊಟದಿಂದ ಆರಂಭಿಸದೆ ವ್ಯಾಯಾಮದಿಂದ ಆರಂಭಿಸಿರುವುದು ಗಮನಾರ್ಹವಾದುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ವ್ಯಾಯಾಮದ ಗುಣಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಅದು ಜಠರಾಗ್ನಿಯನ್ನು ಬೆಳಗಿಸುವುದು. ವ್ಯಾಯಾಮಶೀಲನಿಗೆ ಒಗ್ಗದ ಆಹಾರವೂ ದೋಷವಿಲ್ಲದೆ ಜೀರ್ಣವಾಗುವುದು ಎಂಬುದು ಆಚಾರ್ಯನ ಅಭಿಪ್ರಾಯ. ಅದರೊಡನೆಯೇ ಒಂದು ಮಿತಿಯನ್ನೂ ಆತನು ಇಟ್ಟಿರುವನು. ತನ್ನ ಬಲದ ಅರ್ಧದಷ್ಟನ್ನು ಮಾತ್ರವೇ ವ್ಯಯಮಾಡಬೇಕು. ಎದೆಯಲ್ಲಿರುವ ಉಸಿರು ಬಾಯಿಗೆ ಬಂದಿತೆಂದರೆ ಅರ್ಧಬಲವು ಮುಗಿಯಿತೆಂದು ತಿಳಿಯಬೇಕು. ವಯಸ್ಸು, ಬಲ, ಶರೀರ, ದೇಶ, ಕಾಲ ಇವುಗಳೊಡನೆ ಆಹಾರವನ್ನೂ ನೋಡಿಕೊಂಡು ವ್ಯಾಯಾಮ ಮಾಡಬೇಕೆಂಬುದು ಆತನ ವಿಧಿ. ವಾಗ್ಭಟನು ಅರ್ಧಬಲದ ವ್ಯಾಯಾಮವನ್ನು ಕೂಡ ಬಲಿಷ್ಠರಿಗೂ ಸ್ನಿಗ್ಧವಾದ, ಎಂದರೆ ಜಿಡ್ಡುಳ್ಳ ಊಟವನ್ನು ಮಾಡುವವರಿಗೂ ಮಾತ್ರ ವಿಧಿಸಿ, ಅದಕ್ಕೆ ಚಳಿಗಾಲವನ್ನೂ ವಸಂತವನ್ನೂ ತಕ್ಕ ಕಾಲವೆಂದನು. ಮಿತಿಯನ್ನು ಮೀರಿದವನು ಆನೆಯನ್ನು ಎಳೆಯಲು ಹೋದ ಸಿಂಹದಂತೆ ನಾಶವಾಗುವನೆಂಬ ಉಪಮಾನವೂ ಆತನಲ್ಲಿದೆ. ಇಲ್ಲಿ ಆಹಾರವು ವ್ಯಾಯಾಮಕ್ಕೆ ಅಳತೆ, ವ್ಯಾಯಾಮವು ಆಹಾರಕ್ಕೆ ಅಳತೆ. ಯಾವ ಒಂದು ಪದಾರ್ಥವನ್ನೂ ಬಲದ ಗಣಿಯೆಂದು ಹೊಗಳಿ ಉಳಿದುದನ್ನು ತಳ್ಳಿದ ಮಾತು ಈ ಪ್ರಕರಣದಲ್ಲಿಲ್ಲ.

ವೈದ್ಯರ ಮಾತು ಹೀಗಿದ್ದರೆ ಅರಮನೆಯ ವ್ಯವಸ್ಥೆ ಹೇಗಿತ್ತೆಂಬುದನ್ನು ನಮ್ಮ ನಾಡಿನ ಅರಸನೇ ಬರೆದಿಟ್ಟಿರುವನು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವುಂಟು. ವಯಸ್ಸು, ಮೈಕಟ್ಟು, ಬಲ ಇವುಗಳಿಗೆ ಅನುಸಾರವಾಗಿ ಮಲ್ಲರನ್ನು ವಿಂಗಡಿಸಿ, ಅವರು ಮಾಡತಕ್ಕ ಸಾಧನೆಗಳನ್ನು ಹೇಳಿ, ಅವರಿಗೆ ಅರಮನೆಯಿಂದ ಬೇಳೆ, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯಗಳು ಸಲ್ಲಬೇಕೆಂದು ಅದರಲ್ಲಿ ನಿಯಮಿಸಿದೆ. ಅಂತಃಪುರದ ಸ್ತ್ರೀಯರಿಂದ ಅವರನ್ನು ದೂರವಿಡಬೇಕೆಂಬುದೂ ಅಲ್ಲಿಯ ನಿಯಮ. ಈ ಪಟ್ಟಿಯನ್ನು ಓದುವವರು ಸಾಧಾರಣವಾಗಿ ಮಾಂಸವೆಂಬ ಮಾತಿನ ಮೇಲೆ ಕಣ್ಣಿಟ್ಟು, ಸಕ್ಕರೆಯನ್ನೂ ಭಕ್ಷ್ಯವನ್ನೂ ಅರಸನ ಔದಾರ್ಯವೆಂದು ದಾಟಿಬಿಡುತ್ತಾರೆ. ಆ ಸಕ್ಕರೆಯ ವಿಚಾರಕ್ಕೆ ಮುಂದೆ ಬರುತ್ತೇನೆ. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರಿಗೆ ಸಂಬಂಧಿಸಿದ ಮಲ್ಲಪುರಾಣವೆಂಬ ಗ್ರಂಥವು 1964ರಲ್ಲಿ ಬರೋಡೆಯಿಂದ ಅಚ್ಚಾಯಿತು; ಯಾವ ಋತುವಿನಲ್ಲಿ ಮಲ್ಲನು ಏನನ್ನು ತಿನ್ನಬೇಕೆಂಬುದನ್ನೂ ಅದು ಹೇಳುತ್ತದೆ. ಇಂದಿಗೂ ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳ ಹೆಸರು ಈ ಜ್ಯೇಷ್ಠಿ ಶಬ್ದದಿಂದಲೇ ಬಂದುದೆಂದು ಬಲ್ಲವರು ಹೇಳುತ್ತಾರೆ.

ಮಲ್ಲವಿದ್ಯೆಯಲ್ಲಿ ನಮಗೆ ಸಮಾನರಾಗಿದ್ದ ಗ್ರೀಕರ ಕಡೆಗೆ ಒಮ್ಮೆ ನೋಡೋಣ. ಅವರ ಪೂರ್ವಿಕರಾದ ಕ್ರೀಡಾಪಟುಗಳು ಒಣ ಅಂಜೂರ, ಹಸಿಯ ಗಿಣ್ಣು, ಗೋದಿ ಇವುಗಳನ್ನು ತಿಂದು ಸ್ಪರ್ಧೆಗಿಳಿಯುತ್ತಿದ್ದರೆಂದೂ, ಮಾಂಸಾಹಾರವನ್ನು ಅನಂತರ ಒಬ್ಬ ಓಟಗಾರನು ಬಳಕೆಗೆ ತಂದನೆಂದೂ ಅಲ್ಲಿಯ ಗ್ರಂಥಕಾರರು ಬರೆದಿರುವರು. ಕ್ರಿ. ಪೂ. 6ನೆಯ ಶತಮಾನದ ಮೈಲೋ ಎಂಬ ಮಲ್ಲನು ಒಲಿಂಪಿಯಾದಲ್ಲಿ ಆರು ಸಲ ಗೆದ್ದವನು. ಅವನು ಒಂದು ದಿನಕ್ಕೆ 8–9 ಕಿಲೋಗ್ರಾಂ ಮಾಂಸವನ್ನೂ ಅಷ್ಟೇ ರೊಟ್ಟಿಯನ್ನೂ ತಿನ್ನುತ್ತಿದ್ದನೆಂದು ಪ್ರತೀತಿ. ಬಕಾಸುರನ ಬಂಡಿಯನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ನಂಬಿಕೆಯೂ ಅಷ್ಟಕ್ಕಷ್ಟೆ. ಇದಕ್ಕೆ ಪ್ರತಿಯಾಗಿ ರೋಮನರ ಖಡ್ಗಮಲ್ಲರಿಗೆ ಜವೆಗೋದಿಯನ್ನು ತಿನ್ನುವವರೆಂಬ ಅಡ್ಡ ಹೆಸರಿತ್ತು. ಆ ಮಲ್ಲರಿಗೆ ವೈದ್ಯನಾಗಿದ್ದ ಗ್ಯಾಲೆನನು ಅವರ ಊಟವು ಜವೆಗೋದಿ ಮತ್ತು ಅವರೆಯ ಜಾತಿಯ ಕಾಳುಗಳೆಂದು ಬರೆದಿರುವನು. ಎಫೆಸಸ್ ನಗರದಲ್ಲಿ 1993ರಲ್ಲಿ ದೊರೆತ ಅವರ ಸಮಾಧಿಯ ಎಲುಬುಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಶೋಧನೆಯು ಅವರು ಬಹುಮಟ್ಟಿಗೆ ಧಾನ್ಯ ಮತ್ತು ಕಾಳುಗಳಿಂದಲೇ ಬದುಕಿದ್ದರೆಂಬುದನ್ನು ಸಮರ್ಥಿಸಿತು. ಹೀಗೆ ಪ್ರಾಚೀನರಲ್ಲಿ ಎರಡು ಪಕ್ಷಗಳೂ ಇದ್ದವು. ಆದರೆ ಹೆಸರಾದುದು ಮೈಲೋವಿನ ಊಟ, ಖಡ್ಗಮಲ್ಲರ ಅಂಬಲಿಯಲ್ಲ.

ಈ ಲೋಕಪ್ರತೀತಿಗೆ ಶಾಸ್ತ್ರದ ಮುದ್ರೆಯನ್ನು ಒತ್ತಿದವನು ಜರ್ಮನಿಯ ಮಹಾರಸಾಯನಶಾಸ್ತ್ರಜ್ಞ ಲೀಬಿಗ್. ಆತನ ವಾದವು 1842ರಲ್ಲಿ ಗ್ರಂಥರೂಪವಾಗಿ ಬಂದಿತು. ಕೆಲಸ ಮಾಡುವಾಗ ಮಾಂಸಖಂಡವು ತನ್ನನ್ನೇ ತಾನು ಸುಟ್ಟುಕೊಳ್ಳುತ್ತದೆ. ಆ ನಷ್ಟವನ್ನು ತುಂಬಬಲ್ಲದ್ದು ಸಸಾರಜನಕ ಪದಾರ್ಥವೊಂದೇ. ಪಿಷ್ಟವೂ ಜಿಡ್ಡೂ ಮೈಯನ್ನು ಬೆಚ್ಚಗಿಡುವ ಸೌದೆ ಮಾತ್ರ. ಇದು ಆತನ ಸಿದ್ಧಾಂತ. (ಸಸಾರಜನಕವೆಂದರೆ ಇಂದು ಎಲ್ಲರ ಬಾಯಲ್ಲಿರುವ ಪ್ರೋಟೀನು. ಮಾಂಸಖಂಡಕ್ಕೆ ಈಗಿನವರು ಸ್ನಾಯು ಎನ್ನುತ್ತಾರೆ. ಆಯುರ್ವೇದದಲ್ಲಿ ಸ್ನಾಯುವೆಂದರೆ ಕಟ್ಟುವ ನಾರು. ಹಳೆಯ ಓದಿನವನಾದ ನಾನು ಮಾಂಸಖಂಡವೆಂದೇ ಬರೆಯುತ್ತೇನೆ.) ಲೀಬಿಗನ ಕೀರ್ತಿ ಎಷ್ಟು ದೊಡ್ಡದಾಗಿತ್ತೆಂದರೆ, ಇಪ್ಪತ್ತು ವರ್ಷಗಳ ಕಾಲ ಈ ಮಾತು ಪ್ರಯೋಗವಿಲ್ಲದೆಯೇ ಪ್ರಮಾಣವಾಗಿ ನಿಂತಿತು. ಆತನ ಹೆಸರನ್ನು ಹೊತ್ತ ಮಾಂಸಸಾರದ ಕಂಪೆನಿಯೊಂದು 1865ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ, ಅದರ ಭರಣಿಗಳು ದೇಶದೇಶಗಳಿಗೆ ಹೋದವು. ಆ ಸಾರದಲ್ಲಿ ಮಾಂಸದ ರುಚಿಯಿತ್ತೇ ಹೊರತು ಸಸಾರಜನಕವು ಬಹಳ ಇರಲಿಲ್ಲ. ಡಬ್ಬಿಯ ಮೇಲಿನ ಹೆಸರು ಒಳಗಿನ ಪದಾರ್ಥಕ್ಕಿಂತ ಹೆಚ್ಚು ಮಾರಾಟವಾಗುವುದು ಈ ಕಾಲದಲ್ಲಿ ಹುಟ್ಟಿದ ಚಾಳಿಯೇನೂ ಅಲ್ಲ.

ಲೀಬಿಗನ ಮಾತು ನಿಜವಾದರೆ, ಹೆಚ್ಚು ದುಡಿದ ದಿನ ಮೂತ್ರದಲ್ಲಿ ಸಾರಜನಕವು ಹೆಚ್ಚು ಹೊರಬರಬೇಕು. ಸುಟ್ಟ ಮಾಂಸದ ಬೂದಿ ಅದೇ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಸ್ಮಿತ್ 1860ರ ದಶಕದ ಆರಂಭದಲ್ಲಿ ಸೆರೆಮನೆಯ ತುಳಿಚಕ್ರವನ್ನು ತುಳಿಯುವ ಕೈದಿಗಳನ್ನು ಪರೀಕ್ಷಿಸಿ, ಅವರ ಉಸಿರಿನಲ್ಲಿ ಇಂಗಾಲಾಮ್ಲವು ಬಹಳ ಹೆಚ್ಚುವುದೆಂದೂ ಮೂತ್ರದಲ್ಲಿ ಸಾರಜನಕವು ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲವೆಂದೂ ಕಂಡನು. ಸಂಶಯವು ಹುಟ್ಟಿತು. ಅದನ್ನು ನಿರ್ಣಯಕ್ಕೆ ತಂದವರು ಜ್ಯೂರಿಕ್ ನಗರದ ಇಬ್ಬರು ಪ್ರಾಧ್ಯಾಪಕರು: ಶರೀರಶಾಸ್ತ್ರದ ಫಿಕ್, ರಸಾಯನಶಾಸ್ತ್ರದ ವಿಸ್ಲಿಸೇನಸ್.

ಅವರು ಮಾಡಿದ ಕೆಲಸವು ಇಷ್ಟೆ. 1865ನೆಯ ಆಗಸ್ಟ್ 30ರಂದು ಬೆಳಗ್ಗೆ ಸ್ವಿಟ್ಜರ್ಲೆಂಡಿನ ಬ್ರೀಂಜ್ ಸರೋವರದ ತೀರದಿಂದ ಹೊರಟು ಫೌಲ್‌ಹಾರ್ನ್ ಎಂಬ ಬೆಟ್ಟವನ್ನು ಹತ್ತಿದರು. ಸರೋವರದ ಮಟ್ಟದಿಂದ ಶಿಖರಕ್ಕೆ 1956 ಮೀಟರು. ಹಿಂದಿನ ದಿನ ಮಧ್ಯಾಹ್ನದಿಂದಲೇ ಅವರು ಸಸಾರಜನಕವುಳ್ಳ ಯಾವ ಆಹಾರವನ್ನೂ ಮುಟ್ಟಿರಲಿಲ್ಲ. ಬರಿಯ ಪಿಷ್ಟವನ್ನು ಕಲಸಿ ಜಿಡ್ಡಿನಲ್ಲಿ ಕರಿದ ಬಿಲ್ಲೆಗಳು, ಸಕ್ಕರೆ ಹಾಕಿದ ಚಹಾ; ಇದೇ ಅವರ ಬುತ್ತಿ. ಲೀಬಿಗನ ಮತದಂತೆ ಇದು ಮೈ ಕಾಯಿಸುವ ಸೌದೆಯೇ ಹೊರತು ಕಾಲನ್ನು ಎತ್ತಿಸುವ ಆಹಾರವಲ್ಲ. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸಂಗ್ರಹಿಸಿಕೊಂಡು ಅವರು ಮಧ್ಯಾಹ್ನದ ಹೊತ್ತಿಗೆ ಶಿಖರವನ್ನು ಮುಟ್ಟಿದರು. ವಿಶೇಷ ಆಯಾಸವೂ ಆಗಲಿಲ್ಲ.

ಇನ್ನು ಲೆಕ್ಕ. ಇದು ಮಾಧ್ಯಮಿಕ ಶಾಲೆಯ ಬಾಲಕನೂ ಮಾಡಬಹುದಾದ ಲೆಕ್ಕವಾದುದರಿಂದ ಇಲ್ಲಿಯೇ ಮಾಡಿ ತೋರಿಸುತ್ತೇನೆ. ಫಿಕ್ಕನ ತೂಕ 66 ಕಿಲೋಗ್ರಾಂ. ಅದನ್ನು 1956 ಮೀಟರು ಮೇಲೆತ್ತಿದ ಕೆಲಸವು 1,29,096 ಕಿಲೋಗ್ರಾಂ-ಮೀಟರು. ಇಂದಿನ ಅಳತೆಯಲ್ಲಿ ಇದು ಸುಮಾರು 300 ಕ್ಯಾಲೊರಿಗಳ ಶಕ್ತಿ. ಮೂತ್ರದ ಸಾರಜನಕದಿಂದ ಗುಣಿಸಿ ನೋಡಿದಾಗ ಅವನ ದೇಹದಲ್ಲಿ ಸುಟ್ಟ ಸಸಾರಜನಕವು ಸುಮಾರು 37 ಗ್ರಾಂ ಮಾತ್ರ. ಒಂದು ಗ್ರಾಮಿಗೆ 4 ಕ್ಯಾಲೊರಿಯಂತೆ ಅದರಿಂದ ಹುಟ್ಟಬಹುದಾದ ಶಕ್ತಿ 150ರ ಆಸುಪಾಸು. ಒಂದು ಕಣವೂ ವ್ಯರ್ಥವಾಗದೆ ಎಲ್ಲವೂ ಕೆಲಸವಾಗಿ ಮಾರ್ಪಟ್ಟಿತೆಂದುಕೊಂಡರೂ ಅವನು ಅರ್ಧ ಬೆಟ್ಟದಲ್ಲಿ ನಿಂತುಬಿಡಬೇಕಾಗಿತ್ತು. ವಾಸ್ತವವಾಗಿ ಮಾಂಸಖಂಡವು ತಾನು ಸುಡುವುದರಲ್ಲಿ ಕಾಲುಭಾಗದಷ್ಟನ್ನು ಮಾತ್ರ ಕೆಲಸವಾಗಿ ಕೊಡುತ್ತದೆ, ಮಿಕ್ಕದ್ದು ಬಿಸಿಯಾಗಿ ಹೋಗುತ್ತದೆ. ಎದೆಯ ಬಡಿತ, ಉಸಿರಾಟಗಳ ಖರ್ಚು ಬೇರೆ. ಹಾಗಾದರೆ ಅವನನ್ನು ಬೆಟ್ಟ ಹತ್ತಿಸಿದ್ದು ಯಾವುದು? ಆ ಕರಿದ ಬಿಲ್ಲೆ, ಆ ಸಕ್ಕರೆ, ಮತ್ತು ದೇಹದಲ್ಲಿ ಮೊದಲೇ ಶೇಖರವಾಗಿದ್ದ ಪಿಷ್ಟ ಮತ್ತು ಮೇದಸ್ಸು. ಮರುವರ್ಷ ಇಂಗ್ಲೆಂಡಿನ ಫ್ರಾಂಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞನು ಒಂದೊಂದು ಆಹಾರವಸ್ತುವನ್ನೂ ಸುಟ್ಟು ಅದರ ಬಿಸಿಯನ್ನು ಅಳೆದು ಈ ಲೆಕ್ಕಕ್ಕೆ ಭದ್ರವಾದ ತಳಹದಿಯನ್ನು ಹಾಕಿದನು.

ದೊಡ್ಡವರ ತಪ್ಪು ಒಂದು ಲೆಕ್ಕದಿಂದ ಸಾಯುವುದಿಲ್ಲ. ಲೀಬಿಗನ ಶಿಷ್ಯವರ್ಗದ ಫೋಯಿಟ್ ಎಂಬಾತನು ದುಡಿಯುವ ಗಂಡಸಿಗೆ ದಿನಕ್ಕೆ 118 ಗ್ರಾಂ ಸಸಾರಜನಕವು ಬೇಕೆಂದು ಕಟ್ಟುಮಾಡಿದ್ದು ಮುಂದಿನ ಶತಮಾನಕ್ಕೂ ನಡೆಯಿತು. ಅಮೆರಿಕದ ಚಿಟೆಂಡನ್ ತನ್ನನ್ನೂ, ಸಿಪಾಯಿಗಳನ್ನೂ, ಕ್ರೀಡಾಪಟುಗಳಾದ ವಿದ್ಯಾರ್ಥಿಗಳನ್ನೂ ಅದಕ್ಕಿಂತ ಬಹಳ ಕಡಮೆಯಲ್ಲಿ ತಿಂಗಳುಗಟ್ಟಲೆ ಇಟ್ಟು, ಅವರ ಬಲವು ಕುಂದಲಿಲ್ಲವೆಂದು 1904ರಲ್ಲಿ ತೋರಿಸಿದನು. ಅದೇ 1904ರಲ್ಲಿ, ಕಾಕತಾಳೀಯವಾಗಿ ಅದೇ ಆಗಸ್ಟ್ 30ರಂದು, ಸೇಂಟ್ ಲೂಯಿಸ್ ಒಲಿಂಪಿಕ್ಕಿನ ಮ್ಯಾರಥಾನ್ ಓಟದಲ್ಲಿ ನೀರನ್ನು ಬೇಕೆಂದೇ ಮಿತಗೊಳಿಸಿದ್ದರು. ಹೊರಟ 32 ಜನರಲ್ಲಿ ಗುರಿ ಮುಟ್ಟಿದವರು 14. ಗೆದ್ದ ಹಿಕ್ಸ್ ಎಂಬವನಿಗೆ ದಾರಿಯಲ್ಲಿ ಕುಡಿಯಲು ಕೊಟ್ಟದ್ದು ಕಾಸರಕದ ವಿಷವಾದ ಸ್ಟ್ರಿಕ್ನೀನು, ಮೊಟ್ಟೆಯ ಬಿಳಿ, ಬ್ರಾಂದಿ. ಶಾಸ್ತ್ರವು ಒಂದು ಕಡೆ, ಅಖಾಡವು ಒಂದು ಕಡೆ.

ನಮ್ಮ ದೇಶದಲ್ಲಿ ಈ ವಾದವು ಜಾತಿಜನಾಂಗಗಳ ತೂಕವಾಗಿ ಪರಿಣಮಿಸಿತು. ಕಲ್ಕತ್ತೆಯಲ್ಲಿ ಪ್ರಾಧ್ಯಾಪಕನಾಗಿದ್ದ ಮೆಕೇ ಎಂಬಾತನು 1912ರ ತನ್ನ ಗ್ರಂಥದಲ್ಲಿ ಬಂಗಾಳಿಯ ದೌರ್ಬಲ್ಯಕ್ಕೆ ಸಸಾರಜನಕದ ಕೊರತೆಯೇ ಕಾರಣವೆಂದು ಸಾಧಿಸಹೊರಟನು. ನೀಲಗಿರಿಯ ಕೂನೂರಿನಲ್ಲಿದ್ದ ಮ್ಯಾಕ್‌ಕ್ಯಾರಿಸನ್ ಇದಕ್ಕಿಂತ ಸೂಕ್ಷ್ಮದೃಷ್ಟಿಯವನು. ಆತನು ಇಲಿಗಳನ್ನು ಏಳು ಗುಂಪು ಮಾಡಿ ಒಂದೊಂದಕ್ಕೆ ಒಂದೊಂದು ಪ್ರಾಂತದವರ ಊಟವನ್ನು ಹಾಕಿ ಬೆಳೆಸಿ, ಫಲಿತಾಂಶವನ್ನು 1936ರ ಲಂಡನ್ ಉಪನ್ಯಾಸಗಳಲ್ಲಿ ವಿವರಿಸಿದನು. ಸಿಖ್ಖರ ಊಟವನ್ನು ತಿಂದ ಇಲಿಗಳ ಸರಾಸರಿ ತೂಕ 235 ಗ್ರಾಂ, ಮದ್ರಾಸಿಗಳ ಊಟವನ್ನು ತಿಂದವುಗಳದು 155. ಕನ್ನಡಿಗರ ಊಟದ ಇಲಿಗಳು 185 ಗ್ರಾಂ ತೂಗಿ ಐದನೆಯ ಸ್ಥಾನದಲ್ಲಿ ನಿಂತವು. ಹೆಮ್ಮೆಪಡುವಂತಿಲ್ಲ, ಕಡೆಯಲ್ಲಿಲ್ಲವೆಂದು ಸಮಾಧಾನಪಡಬಹುದು. ಗಮನಿಸಬೇಕಾದ ಅಂಶವೆಂದರೆ ಸಿಖ್ಖರ ಆ ಊಟದಲ್ಲಿ ಮಾಂಸವು ವಾರಕ್ಕೊಮ್ಮೆ ಬಂದು ಹೋಗುವ ಅತಿಥಿ. ನಿತ್ಯ ಇದ್ದದ್ದು ತೌಡು ತೆಗೆಯದ ಗೋದಿಯ ಚಪಾತಿ, ಹಾಲು, ಬೆಣ್ಣೆ, ಬೇಳೆ, ಸೊಪ್ಪು ತರಕಾರಿ, ಹಣ್ಣು. ಬಲವು ಒಂದು ಪದಾರ್ಥದಲ್ಲಿಲ್ಲ, ಊಟದ ಪೂರ್ಣತೆಯಲ್ಲಿದೆ ಎಂದು ಆತನು ಕಂಡುದು ನನಗೆ ವಾಗ್ಭಟನಿಗೆ ಸಮೀಪವಾದ ಮಾತಾಗಿ ತೋರುತ್ತದೆ.

ಈಗ ಸೋಮೇಶ್ವರನ ಸಕ್ಕರೆ. ಬಾಸ್ಟನ್ ನಗರದ ದೀರ್ಘ ಓಟದ ಕೊನೆಯಲ್ಲಿ ಬಳಲಿ ಕಂಗೆಟ್ಟವರ ರಕ್ತದಲ್ಲಿ ಸಕ್ಕರೆಯು ಇಳಿದಿರುವುದನ್ನು 1924ರಲ್ಲಿ ಲೆವಿನ್ ಮೊದಲಾದ ವೈದ್ಯರು ಕಂಡರು. ಮರುವರ್ಷ ಓಟಗಾರರಿಗೆ ಮೊದಲು ಪಿಷ್ಟಾಹಾರವನ್ನೂ ದಾರಿಯಲ್ಲಿ ಮಿಠಾಯಿಯನ್ನೂ ಕೊಟ್ಟು ನೋಡಲಾಗಿ ಆ ಕಂಗೇಡು ತಪ್ಪಿತು. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಕ್ರೀಡಾದಿನದಂದು ಬೆಳಗ್ಗೆ ಏನೂ ತಿನ್ನದೆ ಬಂದ ಹುಡುಗರು ಓಟದ ನಡುವೆ ತಲೆತಿರುಗಿ ಕುಳಿತುಕೊಳ್ಳುತ್ತಿದ್ದರು. ಒಂದು ಚೂರು ಬೆಲ್ಲವೂ ನೀರೂ ಅವರನ್ನು ಎಬ್ಬಿಸುತ್ತಿದ್ದವು. ಕಾರಣವು ಯಾವುದೆಂಬುದು ಸ್ಟಾಕ್‌ಹೋಮಿನಲ್ಲಿ ಕಣ್ಣಿಗೆ ಕಾಣುವಂತಾಯಿತು. ಬೆರ್ಗ್‌ಸ್ಟ್ರೋಮ್, ಹುಲ್ಟ್‌ಮನ್ ಎಂಬಿಬ್ಬರು ಒಂದೇ ಸೈಕಲ್ಲಿನ ಎರಡು ಪಕ್ಕಗಳಲ್ಲಿ ಕುಳಿತು, ಒಬ್ಬೊಬ್ಬರೂ ಒಂದೊಂದೇ ಕಾಲಿನಿಂದ ತುಳಿದು ದಣಿದರು. ಇನ್ನೊಂದು ಕಾಲು ಸುಮ್ಮನಿತ್ತು. ಬಳಿಕ ಮೂರು ದಿನ ಪಿಷ್ಟಪ್ರಧಾನವಾದ ಊಟ. ಸೂಜಿಯಿಂದ ಎರಡು ತೊಡೆಗಳ ಮಾಂಸದ ಚೂರನ್ನು ತೆಗೆದು ನೋಡಿದಾಗ, ಗ್ಲೈಕೋಜೆನ್ ಎಂಬ ಪಿಷ್ಟದ ಸಂಗ್ರಹವು ದುಡಿದ ಕಾಲಿನಲ್ಲಿ ದುಡಿಯದ ಕಾಲಿನದಕ್ಕಿಂತ ಎರಡರಷ್ಟಿತ್ತು. ಇದು 1966ರ ಮಾತು. ಮರುವರ್ಷ ಪ್ರಕಟವಾದ ಪ್ರಯೋಗದಲ್ಲಿ, ಪಿಷ್ಟವಿಲ್ಲದ ಊಟದ ಮೇಲೆ ಸುಮಾರು 1 ಗಂಟೆ ಸೈಕಲ್ ತುಳಿದು ಸೋತವರು ಮಿಶ್ರಾಹಾರದ ಮೇಲೆ ಸುಮಾರು 2 ಗಂಟೆಯೂ ಪಿಷ್ಟಪ್ರಧಾನವಾದ ಊಟದ ಮೇಲೆ 3 ಗಂಟೆಗೆ ಸಮೀಪವೂ ತುಳಿದರು. ದುಡಿದ ಅಂಗವೇ ಅನ್ನವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಸುಶ್ರುತನಿಗೆ ಗ್ಲೈಕೋಜೆನ್ ತಿಳಿದಿತ್ತೆಂದು ಹೇಳುವ ಅಭಿಮಾನಿಗಳ ಗುಂಪಿಗೆ ನಾನು ಸೇರಿದವನಲ್ಲ. ಆದರೂ ವ್ಯಾಯಾಮವನ್ನೂ ಊಟವನ್ನೂ ಬಿಡಿಸದೆ ನೋಡಿದ ಆತನ ದಾರಿಯು ಸರಿಯಾಗಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಹಾಗೆಂದು ಸಸಾರಜನಕವನ್ನು ತಿರಸ್ಕರಿಸುವುದು ಫಿಕ್ಕನ ಲೆಕ್ಕವನ್ನು ಅಪಾರ್ಥ ಮಾಡಿದಂತೆ. ಅದು ಒಲೆಯ ಸೌದೆಯಲ್ಲ, ಗೋಡೆಯ ಇಟ್ಟಿಗೆ. ದುಡಿತದಲ್ಲಿ ಸವೆದ ಮಾಂಸಖಂಡವನ್ನು ಮತ್ತೆ ಕಟ್ಟಿ ಬೆಳೆಸುವುದು ಅದೇ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ 2020ರ ಶಿಫಾರಸು ಸಾಧಾರಣ ವಯಸ್ಕನಿಗೆ ದೇಹದ ತೂಕದ ಕಿಲೋಗ್ರಾಮಿಗೆ 0.83 ಗ್ರಾಂ. ಕಠಿನವಾಗಿ ಸಾಧನೆ ಮಾಡುವವರಿಗೆ ತಜ್ಞರು 1.2ರಿಂದ 2 ಗ್ರಾಮಿನವರೆಗೆ ಹೇಳುತ್ತಾರೆ. ನಿತ್ಯ ಒಂದು ಗಂಟೆಯ ಮಟ್ಟಿಗೆ ಬೆವರುವವರಿಗೆ ಪಿಷ್ಟವು ಕಿಲೋಗ್ರಾಮಿಗೆ 5ರಿಂದ 7 ಗ್ರಾಂ. ಎಂದರೆ 60 ಕಿಲೋಗ್ರಾಂ ತೂಕದ ಸಾಧಕನಿಗೆ ಕಡಮೆಯೆಂದರೆ 72 ಗ್ರಾಂ ಸಸಾರಜನಕವೂ 300 ಗ್ರಾಂ ಪಿಷ್ಟವೂ ಬೇಕು. ರಾಗಿಯಲ್ಲಿ ನೂರಕ್ಕೆ 7ರಷ್ಟು, ಹುರುಳಿಯಲ್ಲಿ 22ರಷ್ಟು ಸಸಾರಜನಕವುಂಟು. ಧಾನ್ಯದಲ್ಲಿ ಕೊರತೆಯಾದ ಅಂಶವನ್ನು ಕಾಳು ತುಂಬಿಕೊಡುವುದರಿಂದ ಮುದ್ದೆಗೆ ಹುರುಳಿಯ ಸಾರು ಒಳ್ಳೆಯ ಜೊತೆ. ಇದರ ಮೇಲೆ ಹಾಲು, ಮೊಸರು, ಬೇಳೆ, ಒಪ್ಪುವವರಿಗೆ ಮೊಟ್ಟೆ ಮಾಂಸ ಸೇರಿದರೆ ಲೆಕ್ಕವು ಮುಗಿಯುತ್ತದೆ. ಡಬ್ಬಿಯ ಪುಡಿಯೂ ವಿಷವೇನಲ್ಲ. ಬಹುಮಟ್ಟಿಗೆ ಅದು ಗಿಣ್ಣು ಮಾಡುವವರು ಹಿಂದೆ ಚೆಲ್ಲುತ್ತಿದ್ದ ಹಾಲಿನ ತಿಳಿನೀರಿನಿಂದ ಬಂದುದು. ಊಟದಲ್ಲಿ ನಿಜವಾಗಿ ಕೊರತೆಯಿದ್ದವನಿಗೆ ಅದು ಉಪಯುಕ್ತವಾಗಬಹುದು. ಆಕ್ಷೇಪವೇನೆಂದರೆ, ಅದಕ್ಕಾಗಿ ಮುದ್ದೆಯನ್ನು ಬಿಟ್ಟವನು ಇಟ್ಟಿಗೆಯನ್ನು ತಂದು ಸೌದೆಯನ್ನು ಹೊರಹಾಕಿದಂತಾಯಿತು. ಸೌದೆಯಿಲ್ಲದ ಒಲೆಗೆ ದೇಹವು ಆ ಇಟ್ಟಿಗೆಯನ್ನೇ ಹಾಕಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಅಪಾಯವು ಗರಡಿಯನ್ನು ಬಿಟ್ಟ ಮೇಲೆ ಕಾದಿರುತ್ತದೆ. ಮಲ್ಲನ ತುಪ್ಪ, ಬಾದಾಮಿ, ಹಾಲು, ಭಕ್ಷ್ಯಗಳು ಅವನ ದಂಡೆ ಬಸ್ಕಿಗಳಿಗೆ ಅಳತೆ ಮಾಡಿ ಇಟ್ಟವು. ನಲವತ್ತು ದಾಟಿ ಮಟ್ಟಿಯಿಂದ ದೂರವಾದವನು ಅಭ್ಯಾಸಬಲದಿಂದ ಊಟವನ್ನು ಮಾತ್ರ ಹಾಗೆಯೇ ಉಳಿಸಿಕೊಂಡರೆ ಬರುವ ರೋಗವನ್ನು ಸುಶ್ರುತನು ಪ್ರಮೇಹವೆಂದು ಕರೆದು, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು, ಸಿಹಿ ಮತ್ತು ಜಿಡ್ಡಿನ ಅನ್ನಪಾನ ಇವುಗಳನ್ನು ಕಾರಣವಾಗಿ ಹೇಳಿರುವನು. ಇಂದಿನ ರೋಗಿಗೆ ಬೇರೆ ಔಷಧಗಳುಂಟು, ಅವನ್ನು ವೈದ್ಯರಿಂದಲೇ ಪಡೆಯಬೇಕು. ಆ ಆಚಾರ್ಯನ ಚಿಕಿತ್ಸೆಯಾದರೋ ಹೀಗಿದೆ: ಬಡವನಾದ ರೋಗಿಯು ಪಾದರಕ್ಷೆ ಕೊಡೆಗಳಿಲ್ಲದೆ, ಭಿಕ್ಷಾನ್ನವನ್ನು ಉಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನಗಳಿಗೆ ಕಡಮೆಯಿಲ್ಲದೆ ನಡೆಯಬೇಕು, ಸಿರಿವಂತನು ಸಾಮೆ, ಕಾಡುಬತ್ತ, ನೆಲ್ಲಿ, ಬೇಲದ ಹಣ್ಣುಗಳನ್ನು ತಿಂದು ಜಿಂಕೆಗಳೊಡನೆ ಅಡವಿಯಲ್ಲಿ ವಾಸಿಸಬೇಕು, ಮತ್ತೊಬ್ಬನಿಗೆ ಬಾವಿ ತೋಡುವ ಕೆಲಸ.